ಅವರೆ ಬಳ್ಳಿಯ ಮುಂದೆ ನಿಂತ ಗೋಲ್‌ಕೀಪರ್

ಕಳೆದ ಶನಿವಾರ ಗರಾಜು ಗುಡಿಸಲು ಹೋದವಳು ಕೆಲಸ ಅರ್ಧಕ್ಕೇ ಬಿಟ್ಟು ನೆಲದ ಮೇಲೆ ಕೂತುಬಿಟ್ಟೆ. ಹಳೆಯ ಸೂಟ್‌ಕೇಸುಗಳ ಹಿಂದೆ ಒಂದು ಪ್ಲಾಸ್ಟಿಕ್ ಡಬ್ಬವಿತ್ತು. ದೀಪಾವಳಿಯ ಸೀರಿಯಲ್ ಸೆಟ್ ಇರಬೇಕೆಂದು ಮುಚ್ಚಳ ತೆಗೆದೆ. ಡಾಂಬರಿನ ವಾಸನೆ ಬಂತು. ಅದರ ಬೆನ್ನಿಗೇ, ಇದೆಯೋ ಇಲ್ಲವೋ ಎಂಬಷ್ಟು ಸಣ್ಣಗೆ, ಅವರೆಯ ಸೊಗಡು. ಒಳಗಿದ್ದದ್ದು ಒಂದು ಬಲೆ. ನೀಲಿ ಮಾಸಿ ಬೂದಿ ಬಣ್ಣಕ್ಕೆ ತಿರುಗಿದ್ದ, ಕೈಯಲ್ಲಿ ಗಂಟು ಹಾಕಿ ಹೆಣೆದ ಬಲೆ. ಗಂಟುಗಳ ಸಂದಿಯಲ್ಲಿ ಒಣಗಿದ ಬಳ್ಳಿಯ ಚೂರುಗಳು ಇನ್ನೂ ಸಿಕ್ಕಿಕೊಂಡಿದ್ದವು.

ಪಕ್ಕದ ಮನೆಯ ತಾತ ಕೊಟ್ಟ ಬಲೆ ಅದು. ಅದು ಸಿಕ್ಕ ಶನಿವಾರ ಸಂಜೆಯೇ ಅವರ ಊರಿನ ಫುಟ್‌ಬಾಲ್ ಕ್ಲಬ್ಬಿನ ಮ್ಯಾಚು ಕೂಡ ಇತ್ತು. ಅದು ಏನಾಯಿತೆಂದು ಕೊನೆಗೆ ಹೇಳುತ್ತೇನೆ. ಮೊದಲು ತಾತನ ಕತೆ ಹೇಳಬೇಕು.

ಮಗಳ ಶಾಲೆಗಾಗಿ ನಾವು ಕ್ಯುಪರ್ಟಿನೋಗೆ ಬಂದು, ಬಾಡಿಗೆ ಕೇಳಿ ಎದೆ ಹಿಡಿದುಕೊಂಡು, ಕೊನೆಗೆ ಒಪ್ಪಿಕೊಂಡ ಮನೆ ಇದು. ಮರದ ಬೇಲಿಯಾಚೆ ಒಬ್ಬ ಜಪಾನಿ ಡಾಕ್ಟರಮ್ಮ ಇದ್ದಳು. ಅವಳ ತಂದೆಯೇ ತಾತ. ಹೆಂಡತಿ ತೀರಿಕೊಂಡ ಮೇಲೆ ಮಗಳು ಇಲ್ಲಿಗೆ ಕರೆಸಿಕೊಂಡಿದ್ದಳು. ಎತ್ತರದ ಆಳು, ಕೈಗಳಂತೂ ಮೊರದಷ್ಟು ಅಗಲ. ಬೆರಳುಗಳಲ್ಲಿ ಎರಡು ಮೂರು ಸೊಟ್ಟಗಿದ್ದವು. ವಾತವಿರಬೇಕು ಎಂದುಕೊಂಡಿದ್ದೆ. ಚೆಂಡು ತಡೆದು ತಡೆದು ಮುರಿದ ಬೆರಳುಗಳೆಂದು ಆಮೇಲೆ ತಿಳಿಯಿತು. ಅವರ ಇಂಗ್ಲಿಷು ಎರಡು ಮೂರು ಪದಗಳಿಗೆ ನಿಂತು ಉಸಿರು ತೆಗೆದುಕೊಳ್ಳುವಂಥದ್ದು. ನನಗೆ ಜಪಾನೀಸಿನ ಗಂಧಗಾಳಿಯೂ ಇಲ್ಲ. ಹಾಗಾಗಿ ಬೇಲಿಯಾಚೆ ಈಚೆ ತಲೆಬಾಗಿಸಿ ನಕ್ಕು ಒಂದು ವರ್ಷ ಕಳೆದಿದ್ದೆವು.

ಮರುವರ್ಷ ಅಮ್ಮ ಮಂಡ್ಯದಿಂದ ಆರು ತಿಂಗಳಿಗೆ ಬಂದಳು. ಬಂದವಳೇ ಸೂಟ್‌ಕೇಸಿನಿಂದ ರಾಗಿ ಹಿಟ್ಟು, ಹುಳಿ ಪುಡಿ, ಅದರ ನಡುವೆ ಕಾಗದದ ಪೊಟ್ಟಣದಲ್ಲಿ ಅವರೆ ಬೀಜ ತೆಗೆದಳು. ಏರ್‌ಪೋರ್ಟಿನಲ್ಲಿ ಬೀಜ ತರಬಾರದೆಂದು ನಾನು ಫೋನಿನಲ್ಲಿ ಎಷ್ಟು ಬಡಿದುಕೊಂಡಿದ್ದೆನೋ, ಎಲ್ಲ ನೀರಲ್ಲಿ ಹೋಮ. ಹಿತ್ತಲಲ್ಲಿ ಊರಿದಳು. ಬಳ್ಳಿ ಎದ್ದಿತು. ಹಬ್ಬಿಸಲು ಬೇಲಿಯಿಂದ ಬೇಲಿಗೆ ಹಳೆಯ ದುಪಟ್ಟಾ ಹರಿದು ಕಟ್ಟಿದಳು. ತಾತ ಆಚೆ ನಿಂತು ನೋಡುತ್ತಿದ್ದರು. ಅವರ ಮುಖ ನೋಡಿದರೆ ಯಾರೋ ಅವರೆದುರಿಗೇ ಅನ್ನ ಚೆಲ್ಲುತ್ತಿದ್ದಾರೆ ಎನ್ನುವಂತಿತ್ತು. ಅಮ್ಮ ಹಾಕಿದ ಗಂಟುಗಳನ್ನು ಅವರಿಗೆ ಸಹಿಸಲಾಗುತ್ತಿರಲಿಲ್ಲ.

ಮರುದಿನ ಈ ಬಲೆ ಹೊತ್ತು ಬಂದರು. ಶೂ ಕಳಚಿ, ಅದರ ಮೂತಿ ಬಾಗಿಲ ಕಡೆಗೆ ತಿರುಗಿಸಿಟ್ಟು, ಒಳಗೆ ಬಂದು ಹಿತ್ತಲಿಗೆ ದಾಟಿದರು. ಎರಡು ಕಂಬ ನೆಟ್ಟು, ಅಡ್ಡ ಗಳು ಕಟ್ಟಿ, ಬಲೆ ಇಳಿಬಿಟ್ಟರು. ಮುಗಿಸಿ ದೂರ ನಿಂತಾಗ ಅದು ಏನೆಂದು ಮಗಳು ನನಗಿಂತ ಮೊದಲು ಗುರುತಿಸಿದಳು.

"ಅಮ್ಮಾ, ದ್ಯಾಟ್ಸ್ ಅ ಗೋಲ್ ಪೋಸ್ಟ್," ಎಂದಳು.

ಹೌದು, ಅದು ಗೋಲಿನ ಬಲೆಯೇ. ಅಮ್ಮ ರಾಗಿ ಹಿಟ್ಟು ತಂದ ಹಾಗೆ ತಾತ ಸೂಟ್‌ಕೇಸಿನಲ್ಲಿ ಇದನ್ನು ತಂದಿದ್ದರು. ಅಂದಿನಿಂದ ಅಮ್ಮನ ಅವರೆ ಫುಟ್‌ಬಾಲ್ ಗೋಲಿನ ಮೇಲೆ ಹಬ್ಬತೊಡಗಿತು, ಅಮ್ಮ ತಾತನನ್ನು 'ಯಜಮಾನ್ರು' ಎಂದು ಕರೆಯತೊಡಗಿದಳು. ಸಂಜೆ ಹೊತ್ತು ಇಬ್ಬರೂ ಹಿತ್ತಲಲ್ಲಿ ಕೂತು ಅವಳು ಕನ್ನಡದಲ್ಲಿ, ಅವರು ಜಪಾನೀಸಿನಲ್ಲಿ ಮಾತಾಡುತ್ತಿದ್ದರು. ನಾನು ಆಫೀಸಿನಿಂದ ಬಂದಾಗ ನಡುವೆ ಸಿಕ್ಕಿಕೊಂಡು ಇಂಗ್ಲಿಷಿನಲ್ಲಿ ಸೇತುವೆ ಕಟ್ಟಬೇಕಿತ್ತು. ಅವರ ಊರಿನ ಕತೆ ನನಗೆ ಸಿಕ್ಕಿದ್ದು ಹಾಗೆ, ತುಂಡು ತುಂಡಾಗಿ...

ಸಮುದ್ರದ ದಂಡೆಯ ಸಣ್ಣ ಊರು. ಅಲ್ಲಿ ಮೀನಿನ ಬಲೆ ಹೆಣೆಯುವ ಒಂದು ಕಾರ್ಖಾನೆ. ತಾತ, ಅವರ ಹೆಂಡತಿ ಇಬ್ಬರೂ ಅಲ್ಲೇ ಕೆಲಸಕ್ಕಿದ್ದರು. ಊಟದ ಬಿಡುವಿನಲ್ಲಿ ಗಂಡಸರು ಕಾರ್ಖಾನೆಯ ಹಿಂದಿನ ಬಯಲಲ್ಲಿ ಚೆಂಡು ಒದೆಯುತ್ತಿದ್ದರಂತೆ. ಅದೇ ಟೀಮಾಯಿತು. ಗೋಲಿಗೆ ಬಲೆ ಕೊಳ್ಳುವ ಪ್ರಮೇಯವೇ ಬರಲಿಲ್ಲ, ಕಾರ್ಖಾನೆಯವರೇ ಹೆಣೆದರು. ಸಮುದ್ರದ ಗಾಳಿಗೆ ಕೊಳೆಯದಿರಲೆಂದು ಮೀನಿನ ಬಲೆಯಂತೆಯೇ ಡಾಂಬರಿನಲ್ಲಿ ಅದ್ದಿದರು. ನಮ್ಮ ಹಿತ್ತಲಿಗೆ ಬಂದ ಬಲೆಯಲ್ಲಿ ಅರ್ಧ ತಾತನೇ ಹೆಣೆದದ್ದು, ಅರ್ಧ ಅವರ ಹೆಂಡತಿ ಹೆಣೆದದ್ದು. ಜೋರಾಗಿ ಒದ್ದ ಚೆಂಡು ಸಮುದ್ರಕ್ಕೆ ಬಿದ್ದರೆ ದೋಣಿಯವರು ತಂದುಕೊಡುತ್ತಿದ್ದರಂತೆ, ಆಟ ಅಲ್ಲಿಯವರೆಗೆ ನಿಂತಿರುತ್ತಿತ್ತಂತೆ. ತಾತ ಗೋಲ್‌ಕೀಪರ್. ಬಲೆ ಹೆಣೆಯುವವರೂ ಅವರೇ, ಕಾಯುವವರೂ ಅವರೇ.

ಆ ಟೀಮು ಜಿಲ್ಲಾ ಲೀಗಿನಲ್ಲಿ ಗೆದ್ದು ಪ್ರಾಂತೀಯ ಲೀಗಿಗೆ ಏರಿತು. ಪ್ರಾಂತೀಯ ಲೀಗು ಅಂದರೆ ಟೀವಿಯಲ್ಲಿ ಬರುವ ದೊಡ್ಡ ಆಟವಲ್ಲ. ಅದರ ಮೇಲೆ ಇನ್ನೂ ನಾಲ್ಕು ದರ್ಜೆಗಳಿವೆ. ಆಡುವವರು ಹಗಲು ಕೆಲಸ ಮಾಡುವವರು, ಊರೂರಿಗೆ ತಮ್ಮ ಕಾರಿನಲ್ಲೇ ಹೋಗುವವರು, ಮ್ಯಾಚಿಗೆ ಮುಂಚೆ ಮೈದಾನದ ಸುಣ್ಣದ ಗೆರೆಯನ್ನೂ ತಾವೇ ಎಳೆಯುವವರು. ಆದರೂ ಏರಿದ್ದು ಏರಿದ್ದೇ. ಆಮೇಲೆ ಕಾರ್ಖಾನೆ ಮುಚ್ಚಿತು. ಕಂಪನಿಯ ಹೆಸರಿದ್ದ ಅಂಗಿಗಳು ಬೇಡವಾದವು. ಊರಿನ ಕ್ಷೌರಿಕ, ಪ್ರೈಮರಿ ಮೇಷ್ಟ್ರು, ಮೀನಿನವರು ಸೇರಿ ಟೀಮು ಉಳಿಸಿಕೊಂಡು, ಅಂಗಿಯ ಮೇಲೆ ಕಂಪನಿಯ ಹೆಸರಿದ್ದ ಜಾಗದಲ್ಲಿ ಊರಿನ ಹೆಸರು ಬರೆಸಿದರು. ತಾತ ಆಡುವುದು ಬಿಟ್ಟ ಮೇಲೆ ಕೋಚ್ ಆದರು, ಅದೂ ಬಿಟ್ಟ ಮೇಲೆ ಬಲೆ ರಿಪೇರಿ ಮಾಡಿಕೊಂಡು ಮೈದಾನದಲ್ಲೇ ಇದ್ದರು.

ಇಷ್ಟಕ್ಕೇ ನಿಂತಿದ್ದರೆ ಎಲ್ಲರ ಊರಿನ ಕತೆಯೇ ಆಗುತ್ತಿತ್ತು. ಆದರೆ ಸರ್ಕಾರ ಆ ಊರನ್ನು ಪಕ್ಕದ ನಗರಕ್ಕೆ ಸೇರಿಸಿಬಿಟ್ಟಿತು. ನಕ್ಷೆಯಲ್ಲಿ ಹೆಸರು ಹೋಯಿತು. ಮಕ್ಕಳಿಲ್ಲದೆ ಶಾಲೆ ಮುಚ್ಚಿತು. ರೈಲು ನಿಲ್ದಾಣದ ಬೋರ್ಡು ಬದಲಾಯಿತು, ಪೋಸ್ಟಿನ ವಿಳಾಸವೂ ಬದಲಾಯಿತು. ಉಳಿದದ್ದು ಆ ಅಂಗಿಯ ಮೇಲಿನ ಹೆಸರು ಮಾತ್ರ. ಈಗ ನಗರದವರು ಒಂದು ನಗರಕ್ಕೆ ಎರಡು ಕ್ಲಬ್ಬು ಯಾಕೆ ಎನ್ನುತ್ತಿದ್ದರು. ಪ್ರಾಂತೀಯ ಲೀಗಿನಲ್ಲಿ ಇರುವತನಕ ಇರಲಿ, ಕೆಳಗೆ ಬಿದ್ದರೆ ನಗರದ ಕ್ಲಬ್ಬಿನಲ್ಲಿ ವಿಲೀನ, ಹೊಸ ಹೆಸರು, ಹೊಸ ಬಣ್ಣ ಎಂದು ತೀರ್ಮಾನವಾಗಿತ್ತು. ಆ ವರ್ಷ ಕ್ಲಬ್ಬು ಪಟ್ಟಿಯ ತಳದಲ್ಲಿತ್ತು. ಕೊನೆಯ ಮ್ಯಾಚು ಗೆದ್ದರೆ ಉಳಿವು. ಡ್ರಾ ಆದರೂ ಸಾಲದು.

ಇದನ್ನು ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಕಾಯಿ ಸುಲಿಯುವುದು ನಿಲ್ಲಿಸಿದಳು.

"ಊರ್ ಹೆಸ್ರೇ ಹೊಂಟೋಯ್ತದಾ?"

"ಹ್ಞೂ, ಸೋತರೆ."

"ಗೆಲ್ಬೇಕು ಬುಡು ಹಂಗಾರೆ," ಎಂದು ಮತ್ತೆ ಸುಲಿಯತೊಡಗಿದಳು. ಗೆಲ್ಲುವುದು ತಾನು ಹೇಳುವುದರ ಮೇಲಿದೆ ಎನ್ನುವ ಧಾಟಿಯಲ್ಲಿ.

ಅಲ್ಲಿ ಭಾನುವಾರ ಬೆಳಿಗ್ಗೆ ಹನ್ನೊಂದು ಅಂದರೆ ನಮಗೆ ಶನಿವಾರ ಸಂಜೆ ಏಳು. ಡಾಕ್ಟರಮ್ಮನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಅಷ್ಟು ಸಣ್ಣ ಫೋನಿನಲ್ಲಿ ಅವರೊಬ್ಬರೇ ಕೂತು ನೋಡುವುದು ಬೇಡ, ನಮ್ಮ ಟೀವಿಗೆ ಹಾಕೋಣ ಎಂದು ನನ್ನ ಗಂಡನೇ ಕರೆದ. ತಾತ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು, ಕೊರಳಿಗೆ ಕ್ಲಬ್ಬಿನ ಹೆಸರಿದ್ದ ನೀಲಿ ಟವೆಲ್ ಸುತ್ತಿಕೊಂಡು ಬಂದರು. ನೋವಿಗೆ ಹಚ್ಚುವ ಮುಲಾಮಿನ ವಾಸನೆ ಬರುತ್ತಿತ್ತು. ಸೋಫಾದಲ್ಲಿ ಬೆನ್ನು ತಾಗಿಸದೆ, ಎರಡೂ ಕೈ ಮೊಣಕಾಲ ಮೇಲಿಟ್ಟು ಕೂತರು. ಅಮ್ಮ ಕೋಡುಬಳೆ ಇಟ್ಟಳು. ಅವರು ಅದರ ಕಡೆ ನೋಡಲೂ ಇಲ್ಲ. ಯಾವಾಗಲೂ ಎರಡು ಸಲ ಕೇಳಿ ತಿನ್ನುತ್ತಿದ್ದವರು.

ಟೀವಿಯಲ್ಲಿ ಬಂದದ್ದು ಒಂದೇ ಕ್ಯಾಮೆರಾದ ಚಿತ್ರ. ಯಾರೋ ಸ್ಟ್ಯಾಂಡಿನ ಮೇಲಿಟ್ಟು ಎಡಕ್ಕೂ ಬಲಕ್ಕೂ ತಿರುಗಿಸುತ್ತಿದ್ದರು. ಮೈಕಿನ ತುಂಬ ಗಾಳಿ. ಎಲ್ಲೋ ಒಂದು ಡೋಲು. ಆಟಗಾರರ ಹಿಂದೆ ಸಮುದ್ರ ತಗಡಿನ ಹಾಗೆ ಕಾಣುತ್ತಿತ್ತು. ನಮ್ಮ ಮನೆಯಲ್ಲಿ ಫುಟ್‌ಬಾಲ್ ಗೊತ್ತಿದ್ದವಳು ಶಾಲೆಯ ಟೀಮಿನಲ್ಲಿ ಆಡುವ ಮಗಳು ಒಬ್ಬಳೇ. ನಾವು ಉಳಿದವರೆಲ್ಲ ಕ್ರಿಕೆಟ್ಟಿನ ಪೈಕಿ. ಆದರೆ ಭಯಪಡುವುದಕ್ಕೆ ನಿಯಮ ಗೊತ್ತಿರಬೇಕಾಗಿಲ್ಲವಲ್ಲ. ಆಟ ಶುರುವಾಗಿ ಸ್ವಲ್ಪದರಲ್ಲೇ ಎದುರು ಟೀಮಿನ ಬಿಳಿ ಅಂಗಿಯವರು ಒಂದು ಗೋಲು ಹೊಡೆದರು. ತಾತನ ಮುಖದಲ್ಲಿ ಏನೂ ಕದಲಲಿಲ್ಲ. ಮೊಣಕಾಲ ಮೇಲಿನ ಸೊಟ್ಟ ಬೆರಳುಗಳು ಮಾತ್ರ ಪ್ಯಾಂಟಿನ ಬಟ್ಟೆಯನ್ನು ಹಿಡಿದುಕೊಂಡವು.

ಅರ್ಧ ಆಟ ಹಾಗೇ ಮುಗಿಯಿತು. ಇನ್ನರ್ಧ ಶುರುವಾದ ಮೇಲೂ ಚೆಂಡು ತಾತನ ಕಡೆಯ ನೀಲಿಯವರ ಗೋಲಿನ ಸುತ್ತಲೇ ಸುಳಿಯುತ್ತಿತ್ತು. ಎರಡು ಗೋಲು ಬೇಕು, ಒಂದೂ ಬರುವ ಲಕ್ಷಣವಿಲ್ಲ. ತಾತ ಎದ್ದರು. "ಸ್ವಲ್ಪ ಗಾಳಿ," ಎಂದು ಸನ್ನೆ ಮಾಡಿ, ಗಾಜಿನ ಬಾಗಿಲು ಸರಿಸಿ ಹಿತ್ತಲಿಗೆ ಹೋದರು.

ಅವರು ಹೊರಗೆ ಕಾಲಿಟ್ಟು ಬಳ್ಳಿಯ ತನಕ ಹೋಗಿರಲಾರರು, ನೀಲಿಯವರು ಗೋಲು ಹೊಡೆದರು. ಗಂಡನ ಕೂಗು ಕೇಳಿ ತಾತ ಓಡಿಬಂದು ಸೋಫಾದಲ್ಲಿ ಕೂತರು. ಕೂತರೋ ಇಲ್ಲವೋ, ಬಿಳಿಯವರು ಒದ್ದ ಚೆಂಡು ಕಂಬಕ್ಕೆ ಬಡಿದು ವಾಪಸ್ ಬಂತು. ಇನ್ನೊಂದು ಸಲ ಒದ್ದರು. ನೀಲಿಯವರ ಗೋಲ್‌ಕೀಪರ್ ಬಿದ್ದು, ಕಾಲಿನಿಂದ ಹೇಗೋ ತಡೆದ.

ಅಮ್ಮ ನನ್ನ ತೋಳು ಚಿವುಟಿದಳು. "ನೋಡ್ದಾ? ಯಜಮಾನ್ರು ಎದ್ದೋದ್ರು, ಗೋಲ್ ಬಂತು. ಬಂದ್ ಕುಂತ್ರು, ಹಿಂಗಾಯ್ತು. ಆಚ್ಗೇ ಇರಾಕೆ ಯೋಳು."

ನಮ್ಮ ಮನೆಯಲ್ಲಿ ಇದು ಹೊಸದಲ್ಲ. ಮಂಡ್ಯದಲ್ಲಿ ಕ್ರಿಕೆಟ್ಟಿನ ಕೊನೆಯ ಓವರಿನಲ್ಲಿ ನನ್ನಪ್ಪ ಬಚ್ಚಲುಮನೆಯಲ್ಲಿದ್ದಾಗ ಸಿಕ್ಸರ್ ಬಂತೆಂದು ಅಮ್ಮ ಅವರನ್ನು ಆಟ ಮುಗಿಯುವ ತನಕ ಅಲ್ಲೇ ಕೂರಿಸಿದ್ದಳು. ಯಾರು ಕಾಲು ಮಡಿಸಿ ಕೂತಾಗ ವಿಕೆಟ್ ಬಿತ್ತೋ ಅವರು ಕಾಲು ಜೋಮು ಹಿಡಿದರೂ ಬಿಡಿಸುವಂತಿಲ್ಲ. ಆದರೆ ಅದು ನಮ್ಮನಮ್ಮಲ್ಲಿ. ಪರದೇಶದ ಹಿರಿಯರೊಬ್ಬರನ್ನು, ಮನೆಗೆ ಕರೆದ ಅತಿಥಿಯನ್ನು, ಅವರದೇ ಊರಿನ ಆಟ ನೋಡಬೇಡಿ ಎಂದು ಹೊರಗೆ ಕಳಿಸುವುದೆ? ನನಗೆ ಮೈಯೆಲ್ಲ ಉರಿದುಹೋಯಿತು.

"ಅಮ್ಮ, ಸುಮ್ನಿರ್ತೀಯಾ? ಏನಂದ್ಕೋತಾರೆ ಅವರು?"

"ಏನಾರಾ ಅಂದ್ಕಳ್ಳಿ. ಅವ್ರ ಊರ್ ಉಳೀಬೇಕೋ ಬ್ಯಾಡ್ವೋ?"

ಗಂಡನ ಕಡೆ ನೋಡಿದೆ. ದಿನಾ ಬೆಳಗಾದರೆ ಡೇಟಾ ಡೇಟಾ ಎಂದು ಮೀಟಿಂಗುಗಳಲ್ಲಿ ಬಡಿದುಕೊಳ್ಳುವ ಮನುಷ್ಯ. "ಅತ್ತೆ ಹೇಳೋದು ಕರೆಕ್ಟು," ಎಂದ, ಟೀವಿಯಿಂದ ಕಣ್ಣು ತೆಗೆಯದೆ. ಅವನೂ ಆಗಲೇ ಒಂದು ಕಾಲು ಮೇಲಿಟ್ಟು ಕಲ್ಲಾಗಿ ಕೂತಿದ್ದ.

ತಾತ ನಮ್ಮ ಮೂವರ ಮುಖವನ್ನೂ ನೋಡಿದರು. ಏನೋ ನಡೆಯುತ್ತಿದೆ, ಅದು ತಮ್ಮ ಬಗ್ಗೆಯೇ ಎಂದು ಅವರಿಗೆ ತಿಳಿದಿತ್ತು. ಹೇಳದೆ ವಿಧಿಯಿರಲಿಲ್ಲ. ನಮ್ಮ ಮನೆಯಲ್ಲಿ ಇಂಥದೊಂದು ಹುಚ್ಚು ಅಭ್ಯಾಸವಿದೆ, ನೀವು ಹೊರಗಿದ್ದಾಗ ಗೋಲು ಬಂತಲ್ಲ, ಅದಕ್ಕೆ ಅಮ್ಮ ಹೀಗನ್ನುತ್ತಿದ್ದಾಳೆ, ತಲೆಗೆ ಹಚ್ಚಿಕೊಳ್ಳಬೇಡಿ ಎಂದು ತಡವರಿಸಿದೆ. ಅವರು ನಕ್ಕರೆ ನಾನೂ ನಕ್ಕು ಮುಗಿಸಿಬಿಡೋಣ ಎಂದು ಕಾದೆ. ಅವರು ನಗಲಿಲ್ಲ.

"ನಾನು ಆಡಿದಷ್ಟು ವರ್ಷವೂ ಎಡಗಾಲಿಗೇ ಮೊದಲು ಬೂಟು," ಎಂದರು.

ಆಮೇಲೆ ಟೀವಿಯನ್ನು ನೋಡಿದರು. ಮೈದಾನ, ಅದರಾಚೆ ಸಮುದ್ರ, ನೀಲಿ ಅಂಗಿಯ ಹುಡುಗರು ಎಲ್ಲವನ್ನೂ ಒಂದು ಕಡೆಯಿಂದ ಇನ್ನೊಂದು ಕಡೆಯ ತನಕ ನಿಧಾನಕ್ಕೆ ನೋಡಿದರು. ಟೀವಿಗೆ ತಲೆಬಾಗಿದರು. ಎದ್ದು ಹೊರಗೆ ಹೋಗಿ, ಗಾಜಿನ ಬಾಗಿಲನ್ನು ತಾವೇ ಎಳೆದು ಮುಚ್ಚಿಕೊಂಡರು.

ಈಗ ಬರೆಯುವಾಗಲೂ ನನಗೆ ಸಂಕಟವಾಗುತ್ತದೆ. ಆ ಮನುಷ್ಯನಿಗೆ ಭೂಮಿಯ ಮೇಲೆ ಬೇಕಾಗಿದ್ದದ್ದು ಆ ಒಂದು ಆಟ ನೋಡುವುದು. ಅದನ್ನೇ ಬಿಟ್ಟುಕೊಟ್ಟು ಬೆನ್ನು ತಿರುಗಿಸಿ ನಿಂತಿದ್ದರು.

ಅಕ್ಟೋಬರಿನ ಗಾಳಿ ಹಿತ್ತಲಲ್ಲಿ ಬೀಸುತ್ತಿತ್ತು. ಗೋಡೆಯ ದೀಪದ ಬೆಳಕಿನಲ್ಲಿ ಅವರ ಬೆನ್ನು, ಅವರೆದುರಿಗೆ ಬಳ್ಳಿ ಹಬ್ಬಿದ ಬಲೆ. ಸ್ವೆಟರ್ ಕೊಟ್ಟು ಬರುತ್ತೇನೆಂದರೆ ಅಮ್ಮ ಬಿಡಲಿಲ್ಲ. ಬಾಗಿಲು ತೆಗೆದರೆ ಸದ್ದು ಕೇಳುತ್ತದೆ, ಸದ್ದು ಕೇಳಿದರೆ ನೋಡಿದ ಹಾಗೇ ಆಯಿತು ಎನ್ನುವುದು ಅವಳ ಲೆಕ್ಕ. ಟೀವಿಯಲ್ಲಿ ಸಮಯ ಓಡುತ್ತಿತ್ತು. ಒಂದು ಒಂದು. ಡ್ರಾ ಆದರೆ ಊರು ಹೋಯಿತು. ನೀಲಿಯವರು ಈಗ ಮುಂದಕ್ಕೆ ನುಗ್ಗುತ್ತಿದ್ದರು, ಹಿಂದೆ ಗೋಲು ಬರಿದಾಗುತ್ತಿತ್ತು, ಬಿಳಿಯವರು ಚೆಂಡು ಸಿಕ್ಕಿದಾಗಲೆಲ್ಲ ಆ ಖಾಲಿ ಜಾಗಕ್ಕೆ ಓಡುತ್ತಿದ್ದರು. ಅಮ್ಮ ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡಿದ್ದಳು.

ಆಗಲೇ ಚಿತ್ರ ನಿಂತುಹೋಯಿತು.

ನೀಲಿ ಅಂಗಿಯವನೊಬ್ಬ ಚೆಂಡಿನ ಹಿಂದೆ ಕಾಲೆತ್ತಿದ್ದಾನೆ, ಅವನ ಮೇಲೆ ಸಣ್ಣದೊಂದು ಚಕ್ರ ಸುತ್ತುತ್ತಿದೆ. ರೌಟರು ಮೇಲಿನ ಕೋಣೆಯಲ್ಲಿತ್ತು. ಗಂಡ ಅಲುಗಾಡಲಿಲ್ಲ. "ನಾನು ಏಳೋ ಹಾಗಿಲ್ಲ," ಎಂದ. ಅಮ್ಮನಂತೂ ಏಳಲೇ ಇಲ್ಲ. ಮಗಳು "ಆಮ್ ನಾಟ್ ಮೂವಿಂಗ್ ಐದರ್," ಎಂದಳು. ಅವಳಿಗೂ ಅಂಟಿತ್ತು. ಇಡೀ ಮನೆಯಲ್ಲಿ ಮೊದಲಿಂದಲೂ ನಿಂತೇ ಇದ್ದವಳು ನಾನೊಬ್ಬಳೇ. ಹಾಳಾಗಿ ಹೋಗಲಿ ಎಂದು ಮೆಟ್ಟಿಲು ಹತ್ತಿ ಓಡಿದೆ. ಎರಡು ಡಿಗ್ರಿ ಮಾಡಿದವಳು ನಾನು. ಆ ರೌಟರಿನ ಮುಂದೆ ನಿಂತು, ಹಸಿರು ದೀಪ ಬರುವ ತನಕ, ಮಂಡ್ಯದ ನಮ್ಮ ದೇವರನ್ನೆಲ್ಲ ಒಬ್ಬರೂ ಬಿಡದೆ ಕರೆದೆ.

ಮೇಲಿನ ಕಿಟಕಿಯಿಂದ ಹಿತ್ತಲು ಕಾಣುತ್ತಿತ್ತು. ತಾತ ಈಗ ಬಲೆಯ ಕಡೆಗೆ ಮುಖ ಮಾಡಿರಲಿಲ್ಲ. ಬಲೆಗೆ ಬೆನ್ನು ಕೊಟ್ಟು, ಕತ್ತಲೆಯ ಬೇಲಿಯ ಕಡೆ ತಿರುಗಿದ್ದರು. ಮೊಣಕಾಲು ಕೊಂಚ ಬಗ್ಗಿತ್ತು. ಕೈಗಳೆರಡೂ ಪಕ್ಕಕ್ಕೆ ಚಾಚಿ, ಆ ಅಗಲವಾದ ಅಂಗೈಗಳು ಬಿಚ್ಚಿಕೊಂಡಿದ್ದವು. ಅಲ್ಲಿ ಹುಡುಗ ಗೋಲು ಕಾಯುತ್ತಿದ್ದರೆ ಇವರು ಇಲ್ಲಿ ಕಾಯುತ್ತಿದ್ದರು. ಬಲೆ ಮಾತ್ರ ಅದೇ ಊರಿನದು.

ನಾನು ಇಳಿದು ಬರುವಷ್ಟರಲ್ಲಿ ಚಿತ್ರ ಮತ್ತೆ ಬಂದಿತ್ತು. ಮೈದಾನದ ಒಂದು ಮೂಲೆಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದ ಜನ. ಯಾರು ಬಿದ್ದಿದ್ದಾರೆ, ಯಾರು ಹೊಡೆದಿದ್ದಾರೆ, ಒಂದೂ ಗೊತ್ತಾಗದೆ ನಾವು ನಾಲ್ವರೂ ಉಸಿರು ಹಿಡಿದು ನೋಡಿದೆವು. ಕ್ಯಾಮೆರಾ ನಿಧಾನಕ್ಕೆ ಹತ್ತಿರ ಹೋಯಿತು. ನೀಲಿ ಅಂಗಿಗಳು. ಎರಡು ಒಂದು.

ಆದರೂ ಮುಗಿದಿರಲಿಲ್ಲ. ಬಿಳಿಯವರಿಗೆ ಕಾರ್ನರ್ ಸಿಕ್ಕಿತು. ಅವರ ಗೋಲ್‌ಕೀಪರ್ ಕೂಡ ತನ್ನ ಗೋಲು ಬಿಟ್ಟು ಈ ಕಡೆ ಓಡಿಬಂದ. ಚೆಂಡು ಮೇಲೆದ್ದು ಬಂತು, ಎಷ್ಟೋ ತಲೆಗಳು ಹಾರಿದವು, ಅದರ ನಡುವಿನಿಂದ ನೀಲಿಯವರ ಹುಡುಗನ ಎರಡು ಕೈ ಮೇಲಕ್ಕೆ ಹೋಗಿ ಚೆಂಡನ್ನು ಹಿಡಿದು ಎದೆಗೆ ಎಳೆದುಕೊಂಡವು. ಅವನು ಅದನ್ನು ತಬ್ಬಿಕೊಂಡು ನೆಲಕ್ಕೆ ಬಿದ್ದ. ಹಾಗೆ ಬಿದ್ದಿರುವಾಗಲೇ ಕೊನೆಯ ಸೀಟಿ ಕೇಳಿಸಿತು.

ಅಮ್ಮ ಬರಿಗಾಲಲ್ಲಿ ಹಿತ್ತಲಿಗೆ ಹೋದಳು. ಹಿಂದೆ ನಾನು. ತಾತ ಕೈ ಇಳಿಸಿ ನಮ್ಮನ್ನು ನೋಡಿದರು.

"ಊರು ಉಳ್ಕತು ಯಜಮಾನ್ರೇ," ಎಂದಳು ಅಮ್ಮ.

ಅವರು ನನ್ನ ಕಡೆ ತಿರುಗಿದರು. ಹೇಳಹೊರಟ ನನಗೆ ಅಳು ಬಂದುಬಿಟ್ಟಿತ್ತು. ಅಷ್ಟರಲ್ಲಿ ಅವರಿಗೆ ತಿಳಿದುಹೋಗಿತ್ತು. ಅಮ್ಮನಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಆಮೇಲೆ ತಿರುಗಿ ಬಲೆಗೂ ಹಾಗೆಯೇ ಬಾಗಿದರು, ಬಹಳ ಹೊತ್ತು.

ಒಳಗೆ ಬಂದಾಗ ಅಲ್ಲಿನ ಆಟಗಾರರು ಸಾಲಾಗಿ ನಿಂತಿದ್ದರು. ಮ್ಯಾಚು ಮುಗಿದ ಮೇಲೆ ನೋಡಲು ಬಂದವರ ಮುಂದೆ ಹೋಗಿ ಬಾಗುವುದು ಅಲ್ಲಿನ ಪದ್ಧತಿ. ಬಂದಿದ್ದವರು ಒಂದಿಷ್ಟು ಮುದುಕರು, ಮಕ್ಕಳೊಂದಿಗರು. ಅವರಿಗೆ ಬಾಗಿ, ಕ್ಯಾಮೆರಾದ ಕಡೆಗೂ ತಿರುಗಿ ಬಾಗಿದರು. ತಾತ ನಮ್ಮ ಹಾಲಿನ ನಡುವೆ ನೆಟ್ಟಗೆ ನಿಂತು ಅವರಿಗೆ ಬಾಗಿದರು. ಚಿತ್ರ ಆರಿಹೋಗುವ ತನಕ ತಲೆ ಎತ್ತಲಿಲ್ಲ.

ಗಂಡ ಗೋಲುಗಳನ್ನು ತಿರುಗಿ ಹಾಕುತ್ತೇನೆ ಎಂದ. ತಾತ ಕೈ ಅಡ್ಡ ಆಡಿಸಿದರು. "ಗೋಲ್‌ಕೀಪರ್‌ಗೆ ತನ್ನ ಕಡೆಯವರ ಗೋಲು ಯಾವಾಗಲೂ ದೂರ, ಸಣ್ಣದಾಗಿ ಕಾಣುತ್ತದೆ. ಇವತ್ತು ಇನ್ನೂ ಸ್ವಲ್ಪ ದೂರ. ಅಷ್ಟೇ," ಎಂದರು. ಆಮೇಲೆ ಕೋಡುಬಳೆಯ ತಟ್ಟೆ ಎಳೆದುಕೊಂಡು ಒಂದೂ ಬಿಡದೆ ತಿಂದರು.

ಅಮ್ಮ ಊರಿಗೆ ಹೋದಳು. ಮುಂದಿನ ವರ್ಷದ ಲೀಗು ಶುರುವಾದಾಗ ತಾತ ಮತ್ತೆ ಅದೇ ಟವೆಲ್ ಸುತ್ತಿಕೊಂಡು ಬಂದರು. ಒಳಗೆ ಕೂರಲೇ ಇಲ್ಲ. ನೇರ ಹಿತ್ತಲಿಗೆ ಹೋಗಿ ಬಲೆಯ ಮುಂದೆ ನಿಂತರು. ನಾನು ಕುರ್ಚಿ ಹಾಕಿದೆ, ಅದರಲ್ಲೂ ಕೂರಲಿಲ್ಲ. ಇದೆಲ್ಲ ನಮ್ಮ ಮನೆಯ ಹುಚ್ಚಾಟ, ನೀವು ನಂಬಬೇಡಿ, ಬನ್ನಿ ನೋಡಿ ಎಂದು ಕೈ ಮುಗಿದು ಕೇಳಿದೆ.

"ನಾನು ಒಳಗೆ ಕೂತು ಅವರು ಸೋತರೆ?" ಎಂದರು.

ನಾನು ಕುರ್ಚಿ ಎತ್ತಿಕೊಂಡು ಒಳಗೆ ಬಂದೆ. ತಾತ ಹೊರಗಿದ್ದಾಗಲೂ ಕ್ಲಬ್ಬು ಎಷ್ಟೋ ಸಲ ಸೋತಿತು. ಮಂಡ್ಯದಿಂದ ಅಮ್ಮ ಪ್ರತಿ ಮ್ಯಾಚಿನ ಮರುದಿನ ಫೋನಿನಲ್ಲಿ ಕೇಳುತ್ತಿದ್ದಳು: "ಯಜಮಾನ್ರು ಆಚ್ಗಿದ್ರಾ?" ಗೆದ್ದಿದ್ದರೆ, "ಮತ್ತೆ?" ಎನ್ನುವಳು, ಬಿಗುಮಾನದಿಂದ. ಸೋತಿದ್ದರೆ ತಾತ ಟವೆಲ್ ಸರಿಯಾಗಿ ಸುತ್ತಿಕೊಂಡಿರಲಿಲ್ಲವೇನೋ, ನೀನೇ ಮಧ್ಯೆ ಬಾಗಿಲು ತೆಗೆದಿರಬೇಕು ಎಂದು ಏನಾದರೊಂದು ಕಾರಣ ಹುಡುಕಿ ನನ್ನ ತಲೆಗೇ ಕಟ್ಟುವಳು.

ಆ ಬೇಸಿಗೆಯಲ್ಲಿ ತಾತ ಆಸ್ಪತ್ರೆ ಸೇರಿದರು. ಹೆಚ್ಚು ದಿನ ಇರಲಿಲ್ಲ... ಡಾಕ್ಟರಮ್ಮ ಮನೆ ಬಿಟ್ಟು ಡ್ಯಾನ್‌ವಿಲ್‌ಗೆ ಹೋಗುವಾಗ ನಾನು ಬಲೆ ಬಿಚ್ಚಿ ಕೊಡಲು ಹೋದೆ. ಅವಳು ತೆಗೆದುಕೊಳ್ಳಲಿಲ್ಲ. ಅದು ನಿಮ್ಮ ತಾಯಿಗೆ ಕೊಟ್ಟದ್ದಂತೆ, ಅಪ್ಪ ಹಾಗೇ ಹೇಳಿದ್ದರು ಎಂದಳು. ಅಮ್ಮನಿಗೆ ಈಗ ಮಂಡಿ ನೋವು, ಅಷ್ಟು ದೂರದ ವಿಮಾನ ಆಗದು. ಅವರೆ ಊರುವವರಿಲ್ಲ. ಹಾಗಾಗಿ ಬಲೆ ಡಬ್ಬಕ್ಕೆ ಸೇರಿತು. ಅಮ್ಮ ಮ್ಯಾಚಿನ ಸುದ್ದಿ ಕೇಳುವುದನ್ನೂ ಬಿಟ್ಟಳು. ಕ್ಲಬ್ಬು ಆ ವರ್ಷ ಉಳಿದುಕೊಂಡಿತು, ಅದರ ಮುಂದಿನ ವರ್ಷವೂ.

ಈ ಸಲ ಮತ್ತೆ ತಳಕ್ಕೆ ಬಂದಿತ್ತು. ಕಳೆದ ಶನಿವಾರದ್ದು ಕೊನೆಯ ಮ್ಯಾಚು. ಮತ್ತೆ ಅದೇ, ಗೆಲ್ಲಲೇಬೇಕು. ನಾವು ಮೂವರೂ ಏಳು ಗಂಟೆಗೆ ಟೀವಿ ಮುಂದೆ ಕೂತೆವು. ಅದೇ ಗಾಳಿ, ಅದೇ ಡೋಲು, ಹಿಂದೆ ಅದೇ ಸಮುದ್ರ. ಬಿಡುವಿನ ಹೊತ್ತಿಗೆ ಒಂದು ಗೋಲಿನಿಂದ ಹಿಂದಿದ್ದೆವು. ಹೌದು, ಹಿಂದಿದ್ದೆವು ಎಂದೇ ಬರೆಯುತ್ತೇನೆ. ಗಂಡ ನನ್ನ ಮುಖ ನೋಡದೆ, "ನೀನು ಸ್ವಲ್ಪ ಆಚೆ ಹೋಗಿ ನಿಲ್ತೀಯಾ?" ಎಂದ. ತಮಾಷೆಯಾಗಿ ಹೇಳಲಿಲ್ಲ. ನಾನು ಗಾಜಿನ ಬಾಗಿಲ ತನಕ ಹೋದೆ. ಹಿತ್ತಲಲ್ಲಿ ಬಲೆಯಿಲ್ಲ, ಬಳ್ಳಿಯಿಲ್ಲ. ಎರಡು ಕಂಬ ಮಾತ್ರ ಇನ್ನೂ ನಿಂತಿದ್ದವು, ಯಾರೂ ಕಿತ್ತಿರಲಿಲ್ಲ. ಹಿಡಿಕೆಯ ಮೇಲೆ ಕೈಯಿಟ್ಟು ನಿಂತೆ. ಅದು ನನ್ನ ಜಾಗವಲ್ಲ ಅನ್ನಿಸಿತು. ವಾಪಸ್ ಬಂದು ಕೂತೆ.

ಕೊನೆಯ ಸೀಟಿ ಊದಿದಾಗ ಅಂಕ ಬದಲಾಗಿರಲಿಲ್ಲ. ನೀಲಿ ಅಂಗಿಯ ಹುಡುಗರು ಸಾಲಾಗಿ ನಿಂತು ಬಾಗಿದರು. ಆ ಹೆಸರಿದ್ದ ಅಂಗಿ ಇನ್ನು ಯಾರೂ ಹಾಕುವುದಿಲ್ಲ. ಮಗಳು, ಈಗ ಹೈಸ್ಕೂಲಿಗೆ ಹೋಗುವವಳು, ಎದ್ದು ನಿಂತು ಟೀವಿಗೆ ಬಾಗಿದಳು. ನಾನೂ ಎದ್ದೆ.

ಮರುದಿನ ಬೆಳಿಗ್ಗೆ ಅಮ್ಮನಿಗೆ ಫೋನು ಮಾಡಿ ಹೇಳಿದೆ. ಕ್ಲಬ್ಬು ಬಿತ್ತು, ಹೆಸರು ಹೋಯಿತು, ಗರಾಜಿನಲ್ಲಿ ಬಲೆ ಸಿಕ್ಕಿತು ಎಂದೆಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು.

"ಆಚ್ಗೆ ಯಾರವ್ವ ನಿಂತಿದ್ರು?" ಎಂದಳು.

"ಯಾರೂ ಇರ್ಲಿಲ್ಲಮ್ಮ."



"ಅದ್ಕೇ ಮತ್ತೆ," ಎಂದಳು.